ನಿಯಾನ್ ಗೋಬಿ

ಪಶ್ಚಿಮ ಅಟ್ಲಾಂಟಿಕ್‌ನ ಹವಳದ ದಿಬ್ಬಗಳಲ್ಲಿ ವಾಸಿಸುವ ಪುಟ್ಟ ಕಡಲಮೀನು. ಗೋಬಿಯಿಡೀ ಕುಟುಂಬಕ್ಕೆ ಸೇರಿದೆ. ವೈಜ್ಞಾನಿಕ ನಾಮ ಎಲಕಟೈನಸ್ ಓಷಿಯನಾಪ್ಸ್. ಅಮೆರಿಕದ ಮತ್ಸ್ಯವಿಜ್ಞಾನಿ ಡೇವಿಡ್ ಸ್ಟಾರ್ ಜೋರ್ಡನ್ 1904ರಲ್ಲಿ ಇದನ್ನು ಮೊದಲು ವರ್ಣಿಸಿದ.

ಉದ್ದ ಸುಮಾರು 5 ಸೆಂಮೀ. ಕಪ್ಪು ಮೈಯ ಎರಡೂ ಪಕ್ಕಗಳಲ್ಲಿ ಕಣ್ಣಿನಿಂದ ಬಾಲದವರೆಗೆ ಹೊಳೆಯುವ ನೀಲಿ ಪಟ್ಟೆಯಿದೆ. ಹೊಟ್ಟೆಯಡಿಯ ಜೋಡಿ ಈಜುರೆಕ್ಕೆಗಳು ಕೂಡಿಕೊಂಡು ಬಟ್ಟಲಿನಂತಾಗಿವೆ. ಇವುಗಳ ನೆರವಿನಿಂದ ನೀರಿನ ಸೆಳೆತದಲ್ಲೂ ಹವಳಕ್ಕೆ ಅಂಟಿ ಕೂರುತ್ತದೆ.

ನೆಲೆ: ದಕ್ಷಿಣ ಫ್ಲಾರಿಡ, ಮೆಕ್ಸಿಕೊ ಕೊಲ್ಲಿಯಿಂದ ಬೆಲೀಜ್‌ವರೆಗಿನ ಕಡಲು. ಮಿದುಳು ಹವಳದಂಥ ದೊಡ್ಡ ಗುಂಡು ಹವಳಗಳೇ ಇದರ ಠಾಣೆ. ಗ್ರೂಪರ್‌ನಂಥ ಬೇಟೆಗಾರ ಮೀನುಗಳು ಅಲ್ಲಿಗೆ ಬಂದು ಬಾಯಿ, ಕಿವಿರುಮುಚ್ಚಳಗಳನ್ನು ತೆರೆದು ನಿಲ್ಲುತ್ತವೆ. ಗೋಬಿ ಒಳಹೊಕ್ಕು ಪರೋಪಜೀವಿಗಳನ್ನು ಹೆಕ್ಕಿ ತಿನ್ನುತ್ತದೆ. ಹಸಿದ ಗ್ರೂಪರ್ ಕೂಡ ಸಾಮಾನ್ಯವಾಗಿ ಇದನ್ನು ನುಂಗುವುದಿಲ್ಲ. ಹವಳದಿಬ್ಬದ ಮೀನುಗಳ ಆರೋಗ್ಯಕ್ಕೆ ಈ ಸೇವೆ ಅಮೂಲ್ಯ.

ಗಂಡುಹೆಣ್ಣು ಜೋಡಿಯಾಗಿ ಬಾಳುತ್ತವೆ. ಹೆಣ್ಣು ಸಂದುಗಳಲ್ಲಿ ಇಟ್ಟ ಮೊಟ್ಟೆಗಳನ್ನು ಗಂಡು ಕಾಯುತ್ತದೆ. ಮರಿಗಳು ಕೆಲವು ವಾರ ತೆರೆದ ನೀರಿನಲ್ಲಿ ತೇಲಿ, ಬಳಿಕ ಹವಳ ಸೇರುತ್ತವೆ. ಅಕ್ವೇರಿಯಮ್‌ಗಾಗಿ ಇದನ್ನು ತೊಟ್ಟಿಗಳಲ್ಲೇ ಸಾಕಿ ಬೆಳೆಸುವುದುಂಟು.

2014ರಿಂದ ಫ್ಲಾರಿಡದಲ್ಲಿ ಹಬ್ಬಿರುವ ಹವಳದ ಅಂಗಾಂಶ ನಾಶರೋಗ ಮತ್ತು ಬಿಸಿಯೇರುತ್ತಿರುವ ಕಡಲು ಈ ಗುಂಡು ಹವಳಗಳನ್ನೇ ಕೊಲ್ಲುತ್ತಿವೆ. ಆದ್ದರಿಂದ ಹವಳದ ರಕ್ಷಣೆಯೇ ಈ ಮೀನಿನ ರಕ್ಷಣೆ.