ದಂಡಿನ ವಾದ್ಯ, ಕಚೇರಿಯ ವೇದಿಕೆ

ಬೆಂಗಳೂರಿನ ದಂಡು ಪ್ರದೇಶಕ್ಕೆ ಸ್ಯಾಕ್ಸೋಫೋನ್‌ಗಿಂತ ವಯಸ್ಸು ಹೆಚ್ಚು. ಬ್ರಿಟಿಷರು ಇಲ್ಲಿ ದಂಡು ಕಟ್ಟಿದ್ದು 1809ರಲ್ಲಿ. ಮುಂದೆ ದಂಡಿನ ಬ್ಯಾಂಡುಗಳ ಪಾಲಾದ ಈ ವಾದ್ಯಕ್ಕೆ ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಪೇಟೆಂಟ್ ಪಡೆದದ್ದು 1846ರಲ್ಲಿ. ಮೈ ಹಿತ್ತಾಳೆಯದು, ಆದರೆ ಊದುವ ತುದಿಯಲ್ಲಿ ಬೆತ್ತದ ತೆಳು ಸೀಳು ಇರುವುದರಿಂದ ಜಾತಿಯಲ್ಲಿ ಇದು ಕ್ಲಾರಿನೆಟ್ಟಿನ ನೆಂಟ.

ಇದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದವರು ಕದ್ರಿ ಗೋಪಾಲನಾಥ್. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದರು. ತಂದೆ ತನಿಯಪ್ಪ ನಾಗಸ್ವರ ವಾದಕರು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡ ಹುಡುಗ ಅದಕ್ಕೇ ಮನಸೋತ. ಕಷ್ಟವಿದ್ದದ್ದು ಗಮಕದಲ್ಲಿ. ಕೀಲಿ ಒತ್ತಿದರೆ ಸ್ವರ ಮೆಟ್ಟಿಲಿನಂತೆ ನಿಲ್ಲುತ್ತದೆ. ನಮ್ಮ ರಾಗಕ್ಕೆ ಬೇಕಾದದ್ದು ಜಾರು, ಓಲಾಟ. ತುಟಿಯ ಬಿಗಿ, ಉಸಿರು, ಬೆರಳುಗಳನ್ನು ವರ್ಷಗಟ್ಟಲೆ ಪಳಗಿಸಿ ಅವರು ಅದನ್ನು ಸಾಧಿಸಿದರು. ವೇದಿಕೆಯ ಮೇಲೆ ನಿಲ್ಲದೆ, ಚಕ್ಕಳಮಕ್ಕಳ ಹಾಕಿ ಕೂತು ನುಡಿಸುತ್ತಿದ್ದರು.

1980ರ ಮುಂಬೈ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಅವರ ಜೊತೆಗೂಡಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದರು. ಅಮೆರಿಕದಲ್ಲಿ ಬೆಳೆದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಅವರೊಂದಿಗಿನ ‘ಕಿನ್ಸ್‌ಮೆನ್’ ಆಲ್ಬಂ 2008ರದು. ಒಂದೇ ವಾದ್ಯದ ಎರಡು ದಾರಿ ಎದುರುಬದುರಾಗುವುದನ್ನು ಕೇಳಬೇಕೆಂದರೆ ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಗೋಪಾಲನಾಥ್ ಅವರಿಗೆ ಪದ್ಮಶ್ರೀ ಬಂದದ್ದು 2004ರಲ್ಲಿ. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ನಿಧನರಾದರು. ಕರಾವಳಿಯ ಮದುವೆ, ದೇವಸ್ಥಾನಗಳಲ್ಲಿ ಇಂದು ನಾಗಸ್ವರದ ಜಾಗದಲ್ಲಿ ಸ್ಯಾಕ್ಸೋಫೋನ್ ಕೇಳಿಸಿದರೆ ಯಾರೂ ತಿರುಗಿ ನೋಡುವುದಿಲ್ಲ.