ಮಾಗಿಯ ಮಂಜು, ಕಣದ ಕೆಲಸ: ಚಿಕ್ಕರಸಿನಕೆರೆ ಸೀಮೆಯ ಚಳಿಗಾಲದ ಬೇಸಾಯ

ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆ ಹೋಬಳಿಯಲ್ಲಿ ಬೇಸಾಯದ ವರ್ಷವು ಬಹುಕಾಲ ಮಾಗಿಯಲ್ಲಿಯೇ ಮುಗಿಯುತ್ತಿತ್ತು. ಮಾಗಿಯೆಂದರೆ ಮಾರ್ಗಶಿರದಿಂದ ಮಾಘದವರೆಗೆ, ಸುಮಾರಾಗಿ ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಮೈಸೂರು ಬಯಲುಸೀಮೆಯನ್ನು ಆವರಿಸುವ ಚಳಿಯ ಕಾಲ. ಇಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ಈ ಬಯಲಿನ ಇನ್ನಷ್ಟು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ದಾಖಲಾದ ಅತ್ಯಂತ ಕಡಿಮೆ ಉಷ್ಣತೆಯೇ 1884ರ ಜನವರಿ 13ರ 7.8 ಡಿಗ್ರಿ ಸೆಲ್ಸಿಯಸ್. ಆದರೆ ಗಿಡದ ಬುಡದವರೆಗೂ ತೊಟ್ಟಿಕ್ಕುವ ಮಂಜು, ಮೂಡಣದಿಂದ ಬೀಸುವ ಒಣಗಾಳಿ, ಹೊತ್ತೇರುವವರೆಗೂ ಬಿಡದ ಕುಳಿರು ಇವು ತೆಳು ಬಟ್ಟೆಯಲ್ಲಿ, ಬರಿಗಾಲಿನಲ್ಲಿ ದುಡಿಯುವ ಮೈಗೆ ಸಾಕಷ್ಟು ಕಠಿಣವೇ ಆಗಿದ್ದವು. ಈ ಸೀಮೆಯ ರೈತಾಪಿ ಜನ ಆ ಮಂಜನ್ನು ಸಹಿಸಿಕೊಂಡದ್ದಷ್ಟೇ ಅಲ್ಲದೆ, ಯಾವ ಕೆಲಸಕ್ಕೆ ಮಂಜು ಬೇಕು, ಯಾವುದಕ್ಕೆ ಅದು ಆರಬೇಕು ಎಂಬುದನ್ನು ಅರಿತು ದಿನವನ್ನೇ ಅದರ ಸುತ್ತ ಹೊಂದಿಸಿಕೊಂಡಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ನಾಲೆಯ ನೀರು ಬಂದ ಮೇಲೆ ಕದಲಿದ್ದು ಮುಖ್ಯವಾಗಿ ಈ ಹೊಂದಾಣಿಕೆ.

ಊರಿನ ಹೆಸರು ಚಿಕ್ಕ ಅರಸಿನ ಕೆರೆ ಎಂಬುದರ ಸಂಧಿರೂಪ, ಆಡುಮಾತಿನ ‘ಸಿ.ಎ. ಕೆರೆ’ ಎಂಬ ಹ್ರಸ್ವರೂಪದಲ್ಲಿ ಆ ಅರಸನ ಅಕಾರ ಇಂದಿಗೂ ಉಳಿದಿದೆ. ಹೆಸರಿನಲ್ಲಿ ಕೆರೆಯಿದ್ದರೂ ನಾಲೆಗೆ ಮುಂಚಿನ ಕಾಲದಲ್ಲಿ ತರಿ, ಅಂದರೆ ನೀರಾವರಿಯ ಜಮೀನು, ಕೆರೆಯ ಹಿಂಬದಿಗಷ್ಟೇ ಸೀಮಿತವಾಗಿತ್ತು. ಉಳಿದದ್ದು ಮಳೆಯನ್ನೇ ನಂಬಿದ ಖುಷ್ಕಿ, ಮತ್ತು ಖುಷ್ಕಿಯ ಮುಖ್ಯ ಬೆಳೆ ರಾಗಿ. 1800ರ ಮೇ ತಿಂಗಳಲ್ಲಿ ಮದ್ದೂರು, ಮಂಡ್ಯಗಳ ಮಾರ್ಗವಾಗಿ ಶ್ರೀರಂಗಪಟ್ಟಣಕ್ಕೆ ಹೋದ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯ ರಾಗಿ ಬೇಸಾಯವನ್ನು ವಿವರವಾಗಿ ಬರೆದಿಟ್ಟನು. ಆದರೆ ಅವನು ಈ ದಾರಿಯಲ್ಲಿ ಬಂದದ್ದು ಬೇಸಗೆಯಲ್ಲಿ, ಹೊಲಗಳು ಬರಿದಾಗಿದ್ದಾಗ. ಅದೇ ವರ್ಷದ ಚಳಿಗಾಲದ ಹೊತ್ತಿಗೆ ಅವನು ಘಟ್ಟದ ಕೆಳಗೆ ಮಲಬಾರಿನಲ್ಲಿದ್ದನು. ಹೀಗಾಗಿ ಮಾಗಿಯ ನಸುಕಿನಲ್ಲಿ ಈ ಹೊಲಗಳಲ್ಲಿ ನಡೆಯುತ್ತಿದ್ದ ದುಡಿಮೆಯನ್ನು ತಿಳಿಯಲು ಪ್ರವಾಸಿಯ ಬರಹಕ್ಕಿಂತ ಕೆಲಸದ ಕ್ರಮ ಮತ್ತು ಅದಕ್ಕೆ ಅಂಟಿಕೊಂಡ ಮಾತುಗಳೇ ಹೆಚ್ಚು ನೆರವಾಗುತ್ತವೆ.

ಮುಂಗಾರಿನಲ್ಲಿ ಬಿತ್ತಿದ ರಾಗಿ ಕಾರ್ತಿಕ, ಮಾರ್ಗಶಿರಗಳಲ್ಲಿ ಕೊಯ್ಲಿಗೆ ಬರುತ್ತಿತ್ತು. ಮಂಜು ಇಳಿದ ಮುಂಜಾನೆ ಪೈರಿನ ಕಡ್ಡಿ ಮೆದುವಾಗಿರುತ್ತದೆ, ಒಣಗಿದ ತೆನೆ ಕಾಳುದುರಿಸುವುದಿಲ್ಲ. ಆದ್ದರಿಂದ ಬಿಸಿಲು ಬಲಿಯುವ ಮೊದಲೇ ಕುಡುಗೋಲು ಹಿಡಿಯುವುದು ಕೆಲಸದ ವಿವೇಕವಾಗಿತ್ತು. ಹುರುಳಿಯ ವಿಷಯದಲ್ಲಂತೂ ಇದು ಕಟ್ಟುನಿಟ್ಟು, ಏಕೆಂದರೆ ಬಿಸಿಲಿಗೆ ಹುರುಳಿಯ ಕಾಯಿ ಸಿಡಿದು ಕಾಳೆಲ್ಲ ನೆಲದ ಪಾಲಾಗುತ್ತದೆ. ಕೋಳಿ ಕೂಗುವ ಹೊತ್ತಿಗೆ ಹೊಲ ಸೇರಿ, ಒದ್ದೆ ಬಳ್ಳಿಯನ್ನು ಮರಗಟ್ಟಿದ ಬೆರಳುಗಳಿಂದ ಕಿತ್ತು ಗುಡ್ಡೆ ಹಾಕಬೇಕಿತ್ತು. ಕೊಯ್ದ ರಾಗಿಯನ್ನು ಹಿಡಿಹಿಡಿಯಾಗಿ ನೆಲದ ಮೇಲೆ ಸಾಲಿಡುವುದಕ್ಕೆ ಅರಿ ಹಾಕುವುದು ಎನ್ನುತ್ತಾರೆ. ಅರಿ ಕೆಲವು ದಿನ ಒಣಗಿದ ಮೇಲೆ ಅದನ್ನು ಹೊರೆ ಕಟ್ಟಿ ತಂದು, ತೆನೆ ಒಳಗಾಗಿ ಬುಡ ಹೊರಗಾಗಿ ಒಟ್ಟಿದ ಮೆದೆಯು ಮಂಜಿನಿಂದಲೂ ಅಕಾಲದ ಹನಿಯಿಂದಲೂ ಬೆಳೆಯನ್ನು ಕಾಯುತ್ತಿತ್ತು.

ಒಕ್ಕಣೆಗೆ ಇದಕ್ಕೆ ವಿರುದ್ಧವಾದ ನಿಯಮ. ಮಂಜು ಆರಿ ನೆಲ ಕಾದ ಮೇಲೆಯೇ ಮೆದೆಯನ್ನು ಕಿತ್ತು ಕಣದಲ್ಲಿ ಹರವಬಹುದಾಗಿತ್ತು. ಕಣವೆಂದರೆ ಹೊಲದ ಮಗ್ಗುಲಲ್ಲಿ ಅಥವಾ ಊರಂಚಿನಲ್ಲಿ ವರ್ಷವರ್ಷವೂ ಹೊಸದಾಗಿ ಸಿದ್ಧಗೊಳ್ಳುವ ದುಂಡನೆಯ ಅಂಗಳ. ಹುಲ್ಲು ಕೆತ್ತಿ, ನೀರು ಚಿಮುಕಿಸಿ, ಬಡಿದು ಗಟ್ಟಿಮಾಡಿ, ಸಗಣಿಯ ಬಗ್ಗಡವನ್ನು ಸಾರಿಸಿ ಅದನ್ನು ಕಾಳಿಗೆ ಮಣ್ಣು ಹತ್ತದಂತೆ ನುಣುಪುಗೊಳಿಸುತ್ತಿದ್ದರು. ಈ ಸಾರಿಸುವ ಕೆಲಸ ಹೆಂಗಸರದು. ಕೊರೆಯುವ ನಸುಕಿನಲ್ಲಿ ತಣ್ಣನೆಯ ಬಗ್ಗಡಕ್ಕೆ ಮೊಣಕೈವರೆಗೆ ತೋಳಿಳಿಸಿ, ಬಾಗಿದ ಬೆನ್ನನ್ನು ನೇರಮಾಡದೆ ಇಡೀ ಕಣವನ್ನು ಬಳಿಯುವ ಈ ದುಡಿಮೆಗೆ ಕಂದಾಯದ ಲೆಕ್ಕದಲ್ಲಾಗಲಿ ಫಸಲಿನ ಅಂದಾಜಿನಲ್ಲಾಗಲಿ ಒಂದು ಕಲಮೂ ಇರಲಿಲ್ಲ, ಆದರೂ ರಾಶಿಯ ಶುದ್ಧಿ ನಿಂತದ್ದು ಅದರ ಮೇಲೆಯೇ. ಕಣದ ನಡುವಿನ ಮೇಟಿಕಂಬದ ಸುತ್ತ ಎತ್ತುಗಳು ಕಲ್ಲಿನ ಗುಂಡನ್ನು ಎಳೆದು ತೆನೆಯನ್ನು ಅರೆದ ಬಳಿಕ, ಮೂಡಗಾಳಿ ಎದ್ದಾಗ ಮೊರದಿಂದ ತೂರಿ ಹೊಟ್ಟನ್ನು ಬೇರ್ಪಡಿಸುತ್ತಿದ್ದರು. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಹುಟ್ಟಿದ ಜಾಗ ಇದೇ. ಗಾಳಿಗೆ ಹೊತ್ತುಗೊತ್ತಿಲ್ಲವಾದ್ದರಿಂದ ನಡುರಾತ್ರಿ ಎದ್ದರೂ ತೂರಲೇಬೇಕಿತ್ತು. ಅಳೆಯುವಾಗ ಮೊದಲ ಕೊಳಗವನ್ನು ಒಂದು ಎನ್ನದೆ ಲಾಭ ಎಂದು ಎಣಿಸುವುದು ರೂಢಿ. ಕಮ್ಮಾರ, ಬಡಗಿ, ಅಗಸ, ತೋಟಿ, ಕೆರೆಯ ನೀರನ್ನು ಹಂಚುವ ನೀರುಗಂಟಿ ಮೊದಲಾದ ಆಯಗಾರರು, ಅಂದರೆ ವರ್ಷವಿಡೀ ಊರಿನ ಕೆಲಸ ಮಾಡಿ ಕಾಳಿನಲ್ಲಿ ಪ್ರತಿಫಲ ಪಡೆಯುವವರು, ತಮ್ಮ ಪಾಲಿಗೆ ಕಣಕ್ಕೇ ಬರುತ್ತಿದ್ದರು. ಉಳಿದ ರಾಗಿ ಹಗೇವು ಎಂಬ ನೆಲದೊಳಗಿನ ಕಣಜಕ್ಕೆ ಇಳಿಯುತ್ತಿತ್ತು. ಒಣನೆಲದ ಹಗೇವಿನಲ್ಲಿ ರಾಗಿ ಹಲವು ವರ್ಷ ಕೆಡದೆ ಉಳಿಯುತ್ತದೆ. 1876–78ರ ಮಹಾಕ್ಷಾಮದಲ್ಲಿ ಮಳೆ ಮತ್ತೆ ಮತ್ತೆ ಕೈಕೊಟ್ಟಾಗ ಮೈಸೂರು ಸೀಮೆ ಎದುರಿಸಿದ್ದು ಈ ಹಗೇವುಗಳೂ ಬರಿದಾಗುವ ಸ್ಥಿತಿಯನ್ನು.

ರಾಗಿ ಹೊಲದ ಅಕ್ಕಡಿ ಸಾಲುಗಳಲ್ಲಿ, ಅಂದರೆ ಮುಖ್ಯ ಬೆಳೆಯ ನಡುವೆ ಅಂತರ ಬಿಟ್ಟು ಹಾಕುವ ಮಿಶ್ರಬೆಳೆಯ ಸಾಲುಗಳಲ್ಲಿ, ಬಿತ್ತಿದ ಅವರೆ ಮಾತ್ರ ಕೊಯ್ಲಿನ ನಂತರವೂ ನಿಂತಿರುತ್ತಿತ್ತು. ನಾಟಿ ಅವರೆ ಹಗಲು ಮೊಟಕಾದ ಮೇಲೆಯೇ ಹೂ ಬಿಡುವ ಗಿಡ. ಮಂಜು ಬಿದ್ದಷ್ಟೂ ಕಾಯಿಯ ಸೊಗಡು ಏರುತ್ತದೆಂಬುದು ಈ ಸೀಮೆಯವರ ನಂಬಿಕೆ.

ಮಂಜಿನ ಕೆಲಸಗಳಿಗೆ ಹೊದಿಕೆ ಕಂಬಳಿಯೊಂದೇ. ಕುರುಬರು ಕುರಿಯ ಉಣ್ಣೆಯಿಂದ ನೇಯ್ದ ಕರಿ ಕಂಬಳಿಯನ್ನು ತಲೆಯ ಮೇಲೆ ಮಡಿಸಿ ಕೊಪ್ಪೆ ಹಾಕಿಕೊಂಡರೆ ಅದೇ ಟೋಪಿ, ಅದೇ ಅಂಗಿ, ಕಣ ಕಾಯುವ ರಾತ್ರಿಯಲ್ಲಿ ಅದೇ ಹಾಸಿಗೆ. ಕಟಾವಾದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿಮಂದೆ ನಿಲ್ಲಿಸುವುದೂ ಇದೇ ತಿಂಗಳುಗಳಲ್ಲಿ. ಸಂಕ್ರಾಂತಿಯಂದು ಮೈತೊಳೆದು ಸಿಂಗರಿಸಿದ ಎತ್ತುಗಳನ್ನು ಸಂಜೆ ಕಿಚ್ಚು ಹಾಯಿಸುವುದು, ಎಂದರೆ ಉರಿಯುವ ಹುಲ್ಲಿನ ಮೇಲೆ ಹಾರಿಸುವುದು, ಮಂಡ್ಯ ಸೀಮೆಯಲ್ಲಿ ಇಂದಿಗೂ ಬಿಡದ ಆಚರಣೆ. ಚಿಕ್ಕರಸಿನಕೆರೆಯ ಕಾಲಭೈರವೇಶ್ವರನ ಬಸವಪ್ಪನನ್ನು ದೈವವೆಂದೇ ಬರಮಾಡಿಕೊಳ್ಳುವ ಊರುಗಳಿಗೆ ಎತ್ತು ದುಡಿಮೆಯ ಪ್ರಾಣಿ ಮಾತ್ರವಲ್ಲವೆಂಬುದನ್ನು ಇಲ್ಲಿ ನೆನೆಯಬೇಕು.

1911ರಲ್ಲಿ ಕಟ್ಟಲಾರಂಭಿಸಿದ ಕನ್ನಂಬಾಡಿಯ ಅಣೆಕಟ್ಟೆ 1930ರ ದಶಕದ ಆರಂಭದಲ್ಲಿ ಪೂರ್ಣಗೊಂಡಿತು. ಅದರ ನೀರನ್ನು ಹುಲಿಕೆರೆಯ ಸುರಂಗದ ಮೂಲಕ ಈ ಬಯಲಿಗೆ ಹರಿಸಿದ ಇರ್ವಿನ್ ನಾಲೆಗೆ ಮುಂದೆ ವಿಶ್ವೇಶ್ವರಯ್ಯ ನಾಲೆ ಎಂಬ ಹೆಸರಾಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಅದರ ಹಿಂದೆ ಸಂಸ್ಥಾನದ ಕೃಷಿ ನಿರ್ದೇಶಕ ಲೆಸ್ಲಿ ಕೋಲ್‌ಮನ್‌ನ ದುಡಿಮೆಯಿತ್ತು. ಚಳಿ ಕಬ್ಬಿನ ಬೆಳವಣಿಗೆಯನ್ನು ತಡೆದು ಜಲ್ಲೆಯಲ್ಲಿ ಸಕ್ಕರೆ ಕೂಡುವಂತೆ ಮಾಡುತ್ತದೆ. ಹೀಗಾಗಿ ರಾಗಿ ಕಣ ಮುಗಿದು ಮೈ ಆರಿಸಿಕೊಳ್ಳಬೇಕಿದ್ದ ವಾರಗಳೇ ಕಬ್ಬಿನ ಕಟಾವಿಗೆ, ಆಲೆಮನೆಗೆ ಹದವಾದ ವಾರಗಳಾದವು. ಆಲೆಮನೆಯೆಂದರೆ ಕಬ್ಬು ಅರೆದು ಬೆಲ್ಲ ಕಾಯಿಸುವ ಜಾಗ. ಗಾಣದಿಂದ ಬಂದ ಹಾಲನ್ನು ಕೊಪ್ಪರಿಗೆಗೆ ಸುರಿದು, ಸುಣ್ಣ ಹಾಕಿ, ಮೇಲೇಳುವ ಕಲ್ಮಶ ತೆಗೆದು, ಪಾಕದ ಹದ ನೋಡಿ ಇಳಿಸಿ ಅಚ್ಚಿಗೆ ಹೊಯ್ಯುವವರೆಗೆ ಒಲೆಯನ್ನು ಬಿಟ್ಟು ಕದಲುವಂತಿಲ್ಲ. ಉರಿ ಹಾಕುವವನ ಮುಖ ಬೇಯುತ್ತಿದ್ದರೆ ಬೆನ್ನು ಚಳಿಗೆ ಸೆಡೆಯುತ್ತಿತ್ತು.

ಇದೇ ಹೋಬಳಿಯ ಕಾಳಮುದ್ದನದೊಡ್ಡಿಯಲ್ಲಿ, ಅಂದರೆ ಕೆ.ಎಂ. ದೊಡ್ಡಿ ಅಥವಾ ಭಾರತೀನಗರದಲ್ಲಿ, ಮುಂದೆ ಸಕ್ಕರೆ ಕಾರ್ಖಾನೆ ತಲೆಯೆತ್ತಿತು. ಕಬ್ಬಿನ ಗಾಡಿಗಳು ತೂಕಕ್ಕಾಗಿ ರಾತ್ರಿಯೆಲ್ಲ ಸಾಲುಗಟ್ಟಿ ನಿಲ್ಲುವುದು, ಗಾಡಿಯ ಕೆಳಗೆ ಹುಲ್ಲು ಹಾಸಿಕೊಂಡು ಜನ ಮಲಗುವುದು, ಬೇಸಗೆ ಭತ್ತದ ಒಟ್ಲುಪಾತಿಯನ್ನು ಜನವರಿಯ ಚಳಿಯಲ್ಲಿ ಕಾಯುವುದು ಇವೆಲ್ಲ ಮಾಗಿಯ ಹೊಸ ಕೆಲಸಗಳು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎಂಬ ಮಾತು ತಪ್ಪಿ ಚಳಿ ಮುಂದೆ ಸರಿದ ವರ್ಷ ಒಟ್ಲಿನ ಸಸಿ ಹಳದಿಗಟ್ಟಿ ನಿಲ್ಲುತ್ತದೆ, ನಾಟಿ ಹಿಂದೆ ಬೀಳುತ್ತದೆ. ರೇಷ್ಮೆ ಸಾಕುವ ಮನೆಗಳಲ್ಲಿ ಮಂಜು ಆರುವವರೆಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯುವಂತಿಲ್ಲ, ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡಲು ಮೇವು ನಿಲ್ಲಿಸಿದಾಗ, ಕೋಣೆ ತಣ್ಣಗಾಗದಂತೆ ಇದ್ದಿಲ ಕೆಂಡವನ್ನು ರಾತ್ರಿಯಿಡೀ ನೋಡಿಕೊಳ್ಳಬೇಕು.

ರಾಗಿಯನ್ನು ನಾಲೆ ಪೂರ್ತಿ ಓಡಿಸಲಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರಗೊಳಿಸಿ ರೂಪಿಸಿದ ಇಂಡಾಫ್ ತಳಿಗಳು ಈ ಬೆಳೆಗೆ ಹೊಸ ಬಲ ಕೊಟ್ಟವು. ಇಲ್ಲವಾದದ್ದು ಕಣ. ಈಗ ರಾಗಿಯ ಹೊರೆಗಳು ಹೆಚ್ಚಾಗಿ ಡಾಂಬರು ರಸ್ತೆಯ ಮೇಲೆ ಹರಡಿ ವಾಹನದ ಚಕ್ರಕ್ಕೆ ಸಿಕ್ಕುತ್ತವೆ, ಇಲ್ಲವೇ ಯಂತ್ರದ ಬಾಯಿಗೆ ಹೋಗುತ್ತವೆ. ಆಯಗಾರರ ಪಾಲೂ ಲಾಭವೆಂಬ ಮೊದಲ ಎಣಿಕೆಯೂ ಆ ರಸ್ತೆಗೆ ಬರಲಿಲ್ಲ. ನಾಲೆಯ ಕೊನೆಭಾಗದಲ್ಲಿರುವ ಮದ್ದೂರು, ಮಳವಳ್ಳಿಯ ಊರುಗಳಲ್ಲಿ ನೀರಿನ ಸರದಿ ರಾತ್ರಿಗೆ ಬಿದ್ದಾಗ, ಮಂಜು ಇಳಿಯುವ ಹೊತ್ತಿನಲ್ಲಿ ಗುದ್ದಲಿ ಹಿಡಿದು ತೂಬಿನ ಬಳಿ ಕೂರುವವನ ಹೆಗಲ ಮೇಲೆ ಮಾತ್ರ ಕಂಬಳಿ ಇನ್ನೂ ಕಾಣಸಿಗುತ್ತದೆ.