ಬ್ಲೂಸ್ ಗಿಟಾರು: ಹಾಡು ಯಾರದು, ಹಕ್ಕು ಯಾರದು?

1941ರ ಆಗಸ್ಟ್ ತಿಂಗಳು. ಅಮೆರಿಕದ ಮಿಸಿಸಿಪಿ ರಾಜ್ಯದ ಸ್ಟೋವಾಲ್ ಎಂಬ ಹತ್ತಿ ತೋಟಕ್ಕೆ ಇಬ್ಬರು ಅಪರಿಚಿತರು ಬಂದರು. ಒಬ್ಬ ಬಿಳಿಯ, ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ಜನಪದ ಹಾಡುಗಳನ್ನು ಸಂಗ್ರಹಿಸುತ್ತಿದ್ದ ಅಲನ್ ಲೋಮ್ಯಾಕ್ಸ್. ಇನ್ನೊಬ್ಬ ಕರಿಯರ ಫಿಸ್ಕ್ ವಿಶ್ವವಿದ್ಯಾಲಯದ ಸಂಗೀತ ವಿದ್ವಾಂಸ ಜಾನ್ ವರ್ಕ್. ಇವರು ಹುಡುಕಿಕೊಂಡು ಬಂದದ್ದು ಮೆಕಿನ್ಲಿ ಮಾರ್ಗನ್‌ಫೀಲ್ಡ್ ಎಂಬ ಟ್ರ್ಯಾಕ್ಟರ್ ಚಾಲಕನನ್ನು. ಅವನಿಗೋ ಹೆದರಿಕೆ. ಕದ್ದು ಸಾರಾಯಿ ಮಾರುತ್ತಿದ್ದ ತನ್ನನ್ನು ಹಿಡಿಯಲು ಸರಕಾರದವರು ಬಂದಿದ್ದಾರೆಂದೇ ಅವನು ತಿಳಿದಿದ್ದ. ಆದರೆ ಬಂದ ಬಿಳಿಯ ತಾನು ಕುಡಿದ ಲೋಟದಲ್ಲೇ ನೀರು ಕುಡಿದಾಗ ಆಶ್ಚರ್ಯಪಟ್ಟ. ಯಾವ ಬಿಳಿಯನೂ ಅಲ್ಲಿ ಹಾಗೆ ಮಾಡುತ್ತಿರಲಿಲ್ಲ. ಲೋಟದ ವಿಚಾರ ನಮಗೆ ವಿವರಿಸಿ ಹೇಳಬೇಕಾಗಿಲ್ಲ.

ಅಂದು ಅವನ ಹಾಡುಗಳನ್ನು ಯಂತ್ರದಲ್ಲಿ ಮುದ್ರಿಸಿಕೊಂಡರು. ತನ್ನ ದನಿಯನ್ನು ತಾನೇ ಮೊದಲ ಬಾರಿಗೆ ಕೇಳಿದ ಅವನಿಗೆ ತಾನೂ ಹಾಡುಗಾರನೇ ಎಂಬ ನಂಬಿಕೆ ಬಂತು. ಆಮೇಲೆ ಲೋಮ್ಯಾಕ್ಸ್ ಎರಡು ಪ್ರತಿ ರೆಕಾರ್ಡನ್ನೂ ಇಪ್ಪತ್ತು ಡಾಲರಿನ ಚೆಕ್ಕನ್ನೂ ಕಳುಹಿಸಿದ. ಇವನು ಒಂದು ಪ್ರತಿಯನ್ನು ಊರಿನ ಅಂಗಡಿಯ ಜೂಕ್‌ಬಾಕ್ಸಿಗೆ ಹಾಕಿ ಮತ್ತೆ ಮತ್ತೆ ಕೇಳಿದನಂತೆ. ಈ ಮನುಷ್ಯನೇ ಮುಂದೆ ಮಡ್ಡಿ ವಾಟರ್ಸ್ ಎಂಬ ಹೆಸರಿನಲ್ಲಿ ಜಗತ್ತಿಗೆ ವಿದ್ಯುತ್ ಗಿಟಾರಿನ ಬ್ಲೂಸ್ ಎಂದರೇನೆಂದು ತೋರಿಸಿದವನು.

ಗುಲಾಮಗಿರಿ 1865ರಲ್ಲೇ ಕಾನೂನಿನಂತೆ ಮುಗಿದಿತ್ತು. ಆದರೆ ಮಿಸಿಸಿಪಿಯ ಕರಿಯರು ಅದೇ ಒಡೆಯರ ಹೊಲಗಳಲ್ಲಿ ಕೋರಿಗೆ ಬೇಸಾಯ ಮಾಡುತ್ತಿದ್ದರು. ಬೀಜ, ಬಟ್ಟೆ, ಹಿಟ್ಟು ಎಲ್ಲವೂ ಒಡೆಯನ ಅಂಗಡಿಯಿಂದಲೇ. ಲೆಕ್ಕದ ಪುಸ್ತಕವೂ ಅವನ ಕೈಯಲ್ಲೇ. ವರ್ಷದ ಕೊನೆಗೆ ಸಾಲ ಉಳಿಯುತ್ತಿತ್ತು. ಮಡ್ಡಿಗೆ ಟ್ರ್ಯಾಕ್ಟರ್ ಓಡಿಸಲು ಗಂಟೆಗೆ ಇಪ್ಪತ್ತೆರಡೂವರೆ ಸೆಂಟ್ ಕೂಲಿ ಸಿಗುತ್ತಿತ್ತು. 1943ರಲ್ಲಿ ಅದನ್ನು ಇಪ್ಪತ್ತೈದು ಮಾಡಿ ಎಂದು ಕೇಳಿದ. ಮೇಸ್ತ್ರಿ ಆಗದೆಂದ. ಬ್ಲೂಸ್ ಇತಿಹಾಸದ ದೊಡ್ಡ ತಿರುವು ಈ ಎರಡೂವರೆ ಸೆಂಟಿನಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಅವನು ರೈಲು ಹತ್ತಿ ಶಿಕಾಗೋಗೆ ಹೋದ. 1916ರಿಂದ 1970ರವರೆಗೆ ಸುಮಾರು ಅರುವತ್ತು ಲಕ್ಷ ಕಪ್ಪು ಜನ ದಕ್ಷಿಣವನ್ನು ಬಿಟ್ಟು ಉತ್ತರದ ಮತ್ತು ಪಶ್ಚಿಮದ ನಗರಗಳಿಗೆ ಗುಳೆ ಹೋದರು. ಮಡ್ಡಿ ಅವರಲ್ಲಿ ಒಬ್ಬ.

ಶಿಕಾಗೋದಲ್ಲಿ ಅವನು ಹಗಲು ಕಾರ್ಖಾನೆ ಕೆಲಸ ಮಾಡುತ್ತಾ ರಾತ್ರಿ ಹೆಂಡದಂಗಡಿಗಳಲ್ಲಿ ಹಾಡಿದ. ಅಲ್ಲಿನ ಗದ್ದಲದಲ್ಲಿ ಮರದ ಗಿಟಾರು ಯಾರಿಗೂ ಕೇಳಿಸುತ್ತಿರಲಿಲ್ಲ. ಹೊಲದ ಅಂಚಿನ ಗುಡಿಸಲಲ್ಲಿ ಹತ್ತಾರು ಜನರಿಗೆ ಸಾಕಾಗಿದ್ದ ವಾದ್ಯ ಇಲ್ಲಿ ಮೂಕವಾಯಿತು. ವಿದ್ಯುತ್ ಗಿಟಾರು ಬಂದದ್ದು ಹೀಗೆ. ತಂತಿಯ ಕೆಳಗಿನ ಅಯಸ್ಕಾಂತ ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತದೆ, ಆಂಪ್ಲಿಫೈಯರ್ ಅದನ್ನು ಹಿಗ್ಗಿಸುತ್ತದೆ. ಟೆಕ್ಸಾಸಿನ ಟಿ-ಬೋನ್ ವಾಕರ್ ಇದನ್ನು ಮೊದಲೇ ನಯವಾಗಿ ನುಡಿಸಿದ್ದ. ಮಡ್ಡಿ ಮಾಡಿದ್ದು ಬೇರೆ. ಬೆರಳಿಗೆ ಕೊಳವೆ ತೊಟ್ಟು ತಂತಿಯ ಮೇಲೆ ಜಾರಿಸುವ ಹಳ್ಳಿಯ ಪದ್ಧತಿಯನ್ನು ಹಾಗೆಯೇ ಇಟ್ಟುಕೊಂಡು ಅದಕ್ಕೆ ವಿದ್ಯುತ್ ಹಚ್ಚಿದ. ಗೊಗ್ಗರು, ಒಡಕು ಎಲ್ಲವೂ ಸೇರಿ ಆ ದನಿ ಮನುಷ್ಯನ ಅಳುವಿನಂತೆ ಕೇಳಿಸಿತು. ಊರು ಬಿಟ್ಟು ಬಂದವರಿಗೆ ಅದರಲ್ಲಿ ಊರೂ ಇತ್ತು, ಕಾರ್ಖಾನೆಯೂ ಇತ್ತು.

1948ರಲ್ಲಿ ಅವನ ‘ಐ ಕಾಂಟ್ ಬಿ ಸ್ಯಾಟಿಸ್ಫೈಡ್’ ಹೊರಬಂದಾಗ ಮೊದಲ ಮುದ್ರಣದ ಪ್ರತಿಗಳು ವಾರಾಂತ್ಯ ಕಳೆಯುವುದರೊಳಗೆ ಖಾಲಿಯಾದವು. ಹಾಡಿದವನಿಗೇ ಪ್ರತಿ ಸಿಗುವುದು ಕಷ್ಟವಾಯಿತು. ಅದನ್ನು ಹೊರತಂದದ್ದು ಪೋಲೆಂಡಿನಿಂದ ವಲಸೆ ಬಂದ ಯಹೂದಿ ಕುಟುಂಬದ ಲಿಯೊನಾರ್ಡ್ ಚೆಸ್ ಪಾಲುದಾರನಾಗಿದ್ದ ಕಂಪನಿ. 1950ರಲ್ಲಿ ಅವನೂ ತಮ್ಮ ಫಿಲ್‌ನೂ ಅದಕ್ಕೆ ತಮ್ಮದೇ ಮನೆತನದ ಹೆಸರಿಟ್ಟರು. ಚೆಸ್ ರೆಕಾರ್ಡ್ಸ್‌ನಿಂದ ಹೌಲಿನ್ ವುಲ್ಫ್, ಲಿಟ್ಲ್ ವಾಲ್ಟರ್, ಚಕ್ ಬೆರ‍್ರಿ ಎಲ್ಲರೂ ಹೊರಬಂದರು. ವುಲ್ಫ್‌ನ ಹಾಡಿನ ಹಿಂದೆ ಹ್ಯೂಬರ್ಟ್ ಸಮ್ಲಿನ್ ಎಂಬ ತೆಳ್ಳನೆಯ ಯುವಕನ ಗಿಟಾರು ಇರುತ್ತಿತ್ತು. ದೊರೆಯ ಮುಂದೆ ಮಾತಾಡುವ ಜಾಣ ಸೇವಕನಂತೆ ಅದು ಬೇಕಾದಷ್ಟೇ ನುಡಿಯುತ್ತದೆ.

ಇಲ್ಲಿ ‘ಆಲ್ಬಂ’ ಎನ್ನುವ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಇವತ್ತು ಶ್ರೇಷ್ಠ ಬ್ಲೂಸ್ ಆಲ್ಬಂಗಳ ಪಟ್ಟಿ ಕೊಡುವವರು 1958ರ ‘ದಿ ಬೆಸ್ಟ್ ಆಫ್ ಮಡ್ಡಿ ವಾಟರ್ಸ್’, 1959ರ ವುಲ್ಫ್‌ನ ‘ಮೋನಿನ್ ಇನ್ ದಿ ಮೂನ್‌ಲೈಟ್’ ಎಂದು ಶುರು ಮಾಡುತ್ತಾರೆ. ಇವು ಆಲ್ಬಂಗಳಾಗಿ ಹುಟ್ಟಿದವಲ್ಲ. ಒಂದೊಂದು ಬದಿಗೆ ಒಂದೊಂದು ಹಾಡಿದ್ದ ಪುಟ್ಟ ರೆಕಾರ್ಡುಗಳಾಗಿ, ಶಿಕಾಗೋದ ಕೂಲಿಕಾರರು ಜೂಕ್‌ಬಾಕ್ಸಿಗೆ ಚಿಲ್ಲರೆ ಹಾಕಿ ಕೇಳಿದ ಹಾಡುಗಳು ಅವು. ದುಬಾರಿ ಎಲ್‌ಪಿ ಕೊಳ್ಳುತ್ತಿದ್ದವರು ಹೆಚ್ಚಾಗಿ ಬಿಳಿಯ ಮಧ್ಯಮ ವರ್ಗದ ತರುಣರು. ಅವರಿಗಾಗಿ ಹಳೆಯ ಹಾಡುಗಳನ್ನು ಒಟ್ಟುಗೂಡಿಸಿ ಕಟ್ಟು ಹಾಕಿದ್ದೇ ಈ ಆಲ್ಬಂ. ಅದೇ ಕಟ್ಟು ಕಡಲು ದಾಟಿ ಇಂಗ್ಲೆಂಡಿಗೆ ಹೋಯಿತು. 1962ರಲ್ಲಿ ಲಂಡನ್ನಿನ ಹುಡುಗರು ಮಡ್ಡಿಯ ಒಂದು ಹಾಡಿನ ಹೆಸರನ್ನೇ ತಮ್ಮ ತಂಡಕ್ಕೆ ಇಟ್ಟುಕೊಂಡು ರೋಲಿಂಗ್ ಸ್ಟೋನ್ಸ್ ಆದರು. 1965ರಲ್ಲಿ ಅಮೆರಿಕದ ಟೆಲಿವಿಷನ್‌ಗೆ ಬಂದಾಗ ವುಲ್ಫ್‌ನನ್ನೂ ಕರೆಸಬೇಕೆಂದು ಹಟ ಹಿಡಿದು ಅವನ ಕಾಲಬುಡದಲ್ಲಿ ಕೂತು ಕೇಳಿದರು. ಅಮೆರಿಕದ ಬಿಳಿಯರಿಗೆ ತಮ್ಮದೇ ನೆಲದ ಕಲಾವಿದನ ಪರಿಚಯವಾಗಲು ಇಂಗ್ಲೆಂಡಿನವರ ಶಿಫಾರಸು ಬೇಕಾಯಿತು!

ಆಲ್ಬಂ ಎಂದೇ ಕೇಳಬೇಕಾದುದನ್ನು ಕೊಟ್ಟವನು ಬಿ.ಬಿ. ಕಿಂಗ್. ಇವನೂ ಮಿಸಿಸಿಪಿಯವನು, 1925ರಲ್ಲಿ ಹುಟ್ಟಿದವನು, ಹತ್ತಿ ಬಿಡಿಸಿದವನು. ಅರ್ಕನ್ಸಾ ರಾಜ್ಯದ ಒಂದು ನೃತ್ಯಗೃಹದಲ್ಲಿ ಲೂಸಿಲ್ ಎಂಬವಳಿಗಾಗಿ ಇಬ್ಬರು ಹೊಡೆದಾಡಿ, ಸೀಮೆಎಣ್ಣೆ ಉರುಳಿ ಬೆಂಕಿ ಹತ್ತಿದಾಗ ಗಿಟಾರಿಗಾಗಿ ಉರಿಯೊಳಗೆ ನುಗ್ಗಿ ಬಂದ. ಆಮೇಲೆ ತನ್ನ ಎಲ್ಲ ಗಿಟಾರುಗಳಿಗೂ ಲೂಸಿಲ್ ಎಂದೇ ಹೆಸರಿಟ್ಟ. 1956ನೇ ಒಂದೇ ವರ್ಷದಲ್ಲಿ 342 ಕಾರ್ಯಕ್ರಮ ಕೊಟ್ಟ. ‘ಲೈವ್ ಅಟ್ ದಿ ರೀಗಲ್’ 1964ರ ನವೆಂಬರ್‌ನಲ್ಲಿ ಶಿಕಾಗೋದ ಕರಿಯರ ಬಡಾವಣೆಯ ರಂಗಮಂದಿರದಲ್ಲಿ ಮುದ್ರಣಗೊಂಡು 1965ರಲ್ಲಿ ಹೊರಬಂತು. ಅದರಲ್ಲಿ ಗಿಟಾರಿನಷ್ಟೇ ಮುಖ್ಯವಾದುದು ಸಭೆ. ಅವನು ಒಂದು ಸ್ವರವನ್ನು ಎಳೆದು ಬಾಗಿಸಿದರೆ ಹೆಂಗಸರು ಕೂಗಿ ಉತ್ತರ ಕೊಡುತ್ತಾರೆ. ಹಾಡುವಾಗ ಗಿಟಾರು ಸುಮ್ಮನಿರುತ್ತದೆ, ಗಿಟಾರು ನುಡಿಯುವಾಗ ಅವನು ಸುಮ್ಮನಿರುತ್ತಾನೆ. ಕವ್ವಾಲಿ ಕೇಳಿ ಬೆಳೆದ ಕಿವಿಗೆ ಈ ಸವಾಲು ಜವಾಬು ಪರಿಚಿತವೇ.

1970ರ ಸೆಪ್ಟೆಂಬರ್ 10ರಂದು ಅವನು ಶಿಕಾಗೋದ ಕುಕ್ ಕೌಂಟಿ ಜೈಲಿನ ಅಂಗಳದಲ್ಲಿ ನುಡಿಸಿದ. ಆ ಆಲ್ಬಂ 1971ರಲ್ಲಿ ಬಂತು. ಶುರುವಿನಲ್ಲೇ ಶೆರಿಫ್ ಮತ್ತು ಮುಖ್ಯ ನ್ಯಾಯಾಧೀಶರ ಹೆಸರು ಹೇಳಿದಾಗ ಕೈದಿಗಳು ಛೀಮಾರಿ ಹಾಕುವುದು ಹಾಗೆಯೇ ದಾಖಲಾಗಿದೆ. ಕತ್ತರಿಸದೆ ಬಿಟ್ಟವರಿಗೆ ನಮಸ್ಕಾರ ಹೇಳಬೇಕು. ಆ ಬಳಿಕ ಅವನು ಕೈದಿಗಳಿಗಾಗಿ ಒಂದು ಸಂಸ್ಥೆಯ ಸ್ಥಾಪನೆಯಲ್ಲೂ ಕೈಜೋಡಿಸಿದ. 2015ರ ಮೇ 14ರಂದು ತೀರಿಕೊಳ್ಳುವ ಹಿಂದಿನ ವರ್ಷದವರೆಗೂ ಅವನು ಊರೂರು ತಿರುಗುತ್ತಲೇ ಇದ್ದ.

ಆಲ್ಬರ್ಟ್ ಕಿಂಗ್‌ನ 1967ರ ‘ಬಾರ್ನ್ ಅಂಡರ್ ಎ ಬ್ಯಾಡ್ ಸೈನ್’ ಮೆಂಫಿಸ್‌ನಲ್ಲಿ ತಯಾರಾದದ್ದು. ಎಡಗೈಯವನಾದ ಅವನು ಬಲಗೈಯವರ ತಂತಿಜೋಡಣೆಯನ್ನೇ ತಲೆಕೆಳಗಾಗಿ ಹಿಡಿದು ನುಡಿಸುತ್ತಿದ್ದ. ಜೊತೆಗಿದ್ದ ತಂಡದಲ್ಲಿ ಕರಿಯರೂ ಬಿಳಿಯರೂ ಒಟ್ಟಿಗಿದ್ದರು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದದ್ದು ಅದೇ ಊರಿನಲ್ಲಿ. ಓಟಿಸ್ ರಷ್‌ನ ಅದೃಷ್ಟ ಇನ್ನೂ ಕೆಟ್ಟದು. ಅವನ ಶ್ರೇಷ್ಠ ಆಲ್ಬಂ ‘ರೈಟ್ ಪ್ಲೇಸ್, ರಾಂಗ್ ಟೈಮ್’ 1971ರಲ್ಲೇ ಮುದ್ರಣಗೊಂಡರೂ ದೊಡ್ಡ ಕಂಪನಿ ಅದನ್ನು ಹೊರತರಲಿಲ್ಲ. ಐದು ವರ್ಷದ ಬಳಿಕ ಬೇರೊಂದು ಸಣ್ಣ ಸಂಸ್ಥೆ ಹೊರತಂದಿತು. ಬಡ್ಡಿ ಗೈಯ ಅಬ್ಬರವನ್ನು ಲಿಯೊನಾರ್ಡ್ ಚೆಸ್ ಬರೀ ಗದ್ದಲವೆಂದು ತಳ್ಳಿಹಾಕಿದ್ದ. ಅದೇ ಗದ್ದಲವನ್ನು ಇಂಗ್ಲೆಂಡಿನ ಹುಡುಗರು ಮಾಡಿ ಲಕ್ಷಾಂತರ ಪ್ರತಿ ಮಾರಿದ ಮೇಲೆ ಅವನಿಗೆ ಜ್ಞಾನೋದಯವಾಯಿತು. ಈ ಬಡ್ಡಿ ಗೈ 2011ರಲ್ಲಿ ಮುಂಬಯಿಯ ಮೆಹಬೂಬ್ ಸ್ಟುಡಿಯೋದಲ್ಲಿ ನಡೆದ ಬ್ಲೂಸ್ ಉತ್ಸವಕ್ಕೆ ಬಂದು ನುಡಿಸಿ ಹೋದರು. ‘ಮದರ್ ಇಂಡಿಯಾ’ದ ಮೆಹಬೂಬ್ ಖಾನ್ ಕಟ್ಟಿದ ಜಾಗ ಅದು.

ಈಗ ಹಣದ ಮಾತಿಗೆ ಬರೋಣ. ಚೆಸ್ ಸಹೋದರರು ಕಲಾವಿದರಿಗೆ ಕ್ಯಾಡಿಲಾಕ್ ಕಾರು ಕೊಡಿಸುತ್ತಿದ್ದರು, ಆಸ್ಪತ್ರೆ ಖರ್ಚು ಕೊಡುತ್ತಿದ್ದರು. ರಾಯಲ್ಟಿಯ ಲೆಕ್ಕ ಮಾತ್ರ ಕೊಡುತ್ತಿರಲಿಲ್ಲ. ಹಾಡುಗಳ ಹಕ್ಕು ಅವರೂ ಪಾಲುದಾರರಾಗಿದ್ದ ಆರ್ಕ್ ಮ್ಯೂಸಿಕ್ ಎಂಬ ಪ್ರಕಾಶನದಲ್ಲಿತ್ತು. ಹೊಲದೊಡೆಯನ ಅಂಗಡಿಯ ಲೆಕ್ಕದ ಪುಸ್ತಕ ಶಿಕಾಗೋಗೂ ಹಿಂಬಾಲಿಸಿಕೊಂಡು ಬಂದಿತ್ತು ಎನ್ನಬೇಕು. 1976ರಲ್ಲಿ ಮಡ್ಡಿಯೂ, ಅವನಿಗೂ ವುಲ್ಫ್‌ಗೂ ಹಾಡು ಬರೆದುಕೊಟ್ಟ ವಿಲ್ಲಿ ಡಿಕ್ಸನ್‌ನೂ ಆರ್ಕ್ ಮೇಲೆ ದಾವೆ ಹೂಡಿದರು. ಅದು ರಾಜಿಯಲ್ಲಿ ಮುಗಿಯಿತು. ಹಾಗೆಂದು ಚೆಸ್‌ಗಳನ್ನು ಬರೀ ಕಳ್ಳರೆಂದು ಬರೆದು ಮುಗಿಸುವುದೂ ತಪ್ಪು. ದೊಡ್ಡ ಕಂಪನಿಗಳು ಮೂಸಿಯೂ ನೋಡದ ಈ ಹಾಡುಗಳು ಉಳಿದದ್ದು ಅವರಿಂದ. ಕಲಾವಿದರಲ್ಲೂ ಎಲ್ಲರೂ ಲೆಕ್ಕ ಅರಿಯದವರಲ್ಲ. ಹೌಲಿನ್ ವುಲ್ಫ್ ದೊಡ್ಡವನಾದ ಮೇಲೆ ಶಾಲೆ ಸೇರಿ ಓದು ಬರಹ ಕಲಿತ. ತನ್ನ ತಂಡದವರ ಸಾಮಾಜಿಕ ಭದ್ರತೆಯ ಕಂತನ್ನು ತಪ್ಪದೆ ಕಟ್ಟುತ್ತಿದ್ದ.

ಯಹೂದಿ ಮಾಲೀಕರ ಕತೆಯನ್ನು ಇಷ್ಟಕ್ಕೆ ನಿಲ್ಲಿಸಿ ತೃಪ್ತಿಪಡುವ ಓದುಗರು ಇರಬಹುದು. ಅವರಿಗಾಗಿ ಇನ್ನೊಂದು ಕತೆ ಹೇಳುತ್ತೇನೆ. 1947ರಲ್ಲಿ ಅಟ್ಲಾಂಟಿಕ್ ರೆಕಾರ್ಡ್ಸ್ ಸ್ಥಾಪಿಸಿದವರಲ್ಲಿ ಒಬ್ಬ ಅಹ್ಮತ್ ಎರ್ತೆಗುನ್, ವಾಷಿಂಗ್ಟನ್ನಿನಲ್ಲಿ ತುರ್ಕಿಯ ರಾಯಭಾರಿಯಾಗಿದ್ದ ಮುನೀರ್ ಎರ್ತೆಗುನ್‌ನ ಮಗ. ಆ ನಗರದಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೆ ಕೂರುವ ಜಾಗ ಸಿಗದ ಕಾಲದಲ್ಲಿ ಈ ಮಕ್ಕಳು ಕಪ್ಪು ಸಂಗೀತಗಾರರನ್ನು ರಾಯಭಾರಿಯ ಮನೆಗೇ ಊಟಕ್ಕೆ ಕರೆದರು. ಕರಿಯರು ಮುಂಬಾಗಿಲಿನಿಂದ ಹೋಗುತ್ತಿದ್ದಾರೆಂದು ದಕ್ಷಿಣದ ಒಬ್ಬ ಸೆನೆಟರ್ ದೂರಿದಾಗ, ನಮ್ಮಲ್ಲಿ ಗೆಳೆಯರು ಬರುವುದು ಮುಂಬಾಗಿಲಿನಿಂದಲೇ, ತಮಗೆ ಬೇಕಿದ್ದರೆ ಹಿಂಬಾಗಿಲು ತೆರೆಸೋಣ ಎಂಬರ್ಥದ ಉತ್ತರ ರಾಯಭಾರಿಯಿಂದ ಹೋಯಿತೆಂದು ಕತೆ ಇದೆ. ಹೆಮ್ಮೆಯ ಕತೆಯೇ. ಆದರೆ ಅದೇ ಅಟ್ಲಾಂಟಿಕ್ ಕಂಪನಿಯನ್ನು ಆರಂಭದಲ್ಲಿ ನಿಲ್ಲಿಸಿದ ಗಾಯಕಿ ರುತ್ ಬ್ರೌನ್, ಮುಂದೆ ಮನೆಗೆಲಸ ಮಾಡಿ ಬದುಕಬೇಕಾಯಿತು. ತನ್ನ ರಾಯಲ್ಟಿಗಾಗಿ ವರ್ಷಗಟ್ಟಲೆ ಹೋರಾಡಿದಳು. 1988ರಲ್ಲಿ ಕಂಪನಿ ಹಳೆಯ ಲೆಕ್ಕಗಳನ್ನು ತಿದ್ದಲು ಒಪ್ಪಿತು. ಲೆಡ್ ಜೆಪ್ಲಿನ್ ಎಂಬ ಇಂಗ್ಲಿಷ್ ತಂಡದ ಪ್ರಸಿದ್ಧ ಹಾಡೊಂದು ತನ್ನದೆಂದು ವಿಲ್ಲಿ ಡಿಕ್ಸನ್ 1985ರಲ್ಲಿ ದಾವೆ ಹೂಡಿದನಲ್ಲ, ಅದೂ ಅಟ್ಲಾಂಟಿಕ್ ಹೊರತಂದ ಹಾಡೇ. ಲೆಕ್ಕದ ಪುಸ್ತಕಕ್ಕೆ ಧರ್ಮವಿಲ್ಲ.

ಬ್ಲೂಸ್‌ಗೆ ನಮ್ಮವರ ನಂಟು ಇನ್ನೂ ಹಳೆಯದು ಎನ್ನುವ ವಾದವೊಂದಿದೆ. ಅಮೆರಿಕಕ್ಕೆ ಮಾರಲ್ಪಟ್ಟ ಆಫ್ರಿಕನ್ನರಲ್ಲಿ ಮುಸ್ಲಿಮರು ಗಣನೀಯವಾಗಿದ್ದರು. 1807ರಲ್ಲಿ ಚಾರ್ಲ್‌ಸ್ಟನ್ ಬಂದರಿಗೆ ತರಲ್ಪಟ್ಟ ಉಮರ್ ಇಬ್ನ್ ಸಈದ್ 1831ರಲ್ಲಿ ಅರಬಿಯಲ್ಲಿ ಆತ್ಮಕತೆ ಬರೆದ, ಗುಲಾಮನಾಗಿಯೇ ಸತ್ತ. ಇತಿಹಾಸಕಾರ್ತಿ ಸಿಲ್ವಿಯಾನ್ ದಿಯೂಫ್ ತಮ್ಮ ಉಪನ್ಯಾಸಗಳಲ್ಲಿ ಮಿಸಿಸಿಪಿಯ ಕೂಲಿಕಾರರ ಒಂದು ಕೂಗುಹಾಡನ್ನೂ ಅಝಾನನ್ನೂ ಒಂದರ ನಂತರ ಒಂದು ಕೇಳಿಸುತ್ತಾರೆ. ದನಿಯ ಕಂಪನ, ಎಳೆತ, ನಡುವಿನ ಮೌನ ಎರಡರಲ್ಲೂ ಹೋಲುತ್ತವೆ. 1740ರಲ್ಲಿ ದಕ್ಷಿಣ ಕೆರೊಲಿನಾ ಗುಲಾಮರಿಗೆ ಡೋಲು, ಕಹಳೆ ನಿಷೇಧಿಸಿತು. ತಂತಿವಾದ್ಯ ಬಲ್ಲ ಸಹೇಲ್ ಪ್ರದೇಶದವರ ಸಂಗೀತ ಉಳಿಯಲು ಇದೂ ಒಂದು ಕಾರಣವಿರಬಹುದು. ಜರ್ಮನ್ ಭಾಷಿಕ ವಿದ್ವಾಂಸ ಗೆರ್ಹಾರ್ಡ್ ಕೂಬಿಕ್ ಸಂಗೀತ ರಚನೆಯ ಆಧಾರದಲ್ಲೇ ಈ ಸಂಬಂಧವನ್ನು ತೋರಿಸಿದ್ದಾರೆ.

ಆದರೆ ಇದನ್ನು ಹಿಡಿದು ಬ್ಲೂಸ್ ನಮ್ಮ ಕೊಡುಗೆ ಎಂದು ಭಾಷಣ ಮಾಡುವುದು ಬೇಡ. ಸಂಗೀತ ಹಲಾಲೋ ಹರಾಮೋ ಎಂಬ ಚರ್ಚೆಗೆ ನಾನಿಲ್ಲಿ ಇಳಿಯುವುದಿಲ್ಲ. ಅಝಾನನ್ನು ಸಂಗೀತವೆಂದು ನಾವು ಕರೆಯುವುದೂ ಇಲ್ಲ. ಹೋಲಿಕೆ ಬೇರೆ, ವಂಶಾವಳಿ ಬೇರೆ. ಮಿಸಿಸಿಪಿಯ ಹಾಡು ಚರ್ಚಿನಿಂದಲೂ, ಜೈಲಿನಿಂದಲೂ, ಬಿಳಿಯರ ಲಾವಣಿಗಳಿಂದಲೂ ತೆಗೆದುಕೊಂಡಿದೆ. ಅದನ್ನು ಕಟ್ಟಿದವರು ಅಲ್ಲಿಯೇ ಬೆವರು ಸುರಿಸಿದವರು.

ಮಾಲಿ ದೇಶದ ಅಲಿ ಫಾರ್ಕಾ ಟೂರೆ ಜಾನ್ ಲೀ ಹೂಕರ್‌ನ ಗಿಟಾರು ಕೇಳಿ, ಇದು ನಮ್ಮ ಕಡೆಯದೇ ಎಂದು ಹೇಳುತ್ತಿದ್ದ. ಅಮೆರಿಕದ ಗಿಟಾರು ವಾದಕ ರೈ ಕೂಡರ್ ಜೊತೆ ಅವನು ಮಾಡಿದ ‘ಟಾಕಿಂಗ್ ಟಿಂಬಕ್ಟು’ 1994ರಲ್ಲಿ ಬಂದು ಗ್ರಾಮಿ ಪ್ರಶಸ್ತಿ ಪಡೆಯಿತು. ಹಣ ಬಂದಾಗ ಅವನು ತನ್ನೂರು ನಿಯಾಫುಂಕೆಯಲ್ಲಿ ಬೇಸಾಯ ಮಾಡಿಸಿದ. 2004ರಲ್ಲಿ ಅಲ್ಲಿನ ಮೇಯರ್ ಆಗಿ ಚರಂಡಿ, ರಸ್ತೆಗಳಿಗೆ ಕೈಯಿಂದ ಖರ್ಚು ಮಾಡಿದ. 2006ರಲ್ಲಿ ತೀರಿಕೊಂಡ. ಆರು ವರ್ಷಗಳ ಬಳಿಕ, 2012ರಲ್ಲಿ, ಧರ್ಮದ ಹೆಸರಿನಲ್ಲಿ ಬಂದೂಕು ಹಿಡಿದವರು ಉತ್ತರ ಮಾಲಿಯನ್ನು ವಶಪಡಿಸಿಕೊಂಡು ಸಂಗೀತವನ್ನು ನಿಷೇಧಿಸಿದರು. ವಾದ್ಯಗಳನ್ನು ಸುಟ್ಟರು. ಐದು ಹೊತ್ತಿನ ನಮಾಝ್ ತಪ್ಪಿಸದ ಅಲಿ ಫಾರ್ಕಾನ ಊರೂ ಆ ಸೀಮೆಯಲ್ಲೇ ಇತ್ತು. ಅವನ ತಂಡದಲ್ಲಿ ತಾಳವಾದ್ಯ ನುಡಿಸುತ್ತಿದ್ದ ಊಮರ್ ಟೂರೆಯ ಮಗ ಗರ್ಬಾ, ಒಂದು ಚೀಲ ಬಟ್ಟೆಯನ್ನೂ ಗಿಟಾರನ್ನೂ ಹಿಡಿದು ದಿರೆ ಎಂಬ ಊರಿನಿಂದ ದಕ್ಷಿಣದ ಬಮಾಕೊಗೆ ಬಸ್ಸು ಹತ್ತಿದ. ಅಲ್ಲಿ ಅವನಂತೆಯೇ ಓಡಿಬಂದ ಗೆಳೆಯರೊಂದಿಗೆ ತಂಡ ಕಟ್ಟಿದ. ಸೊಂಗಾಯ್ ಬ್ಲೂಸ್ ಎಂದು ಹೆಸರಿಟ್ಟರು. ಅವರ ಮೊದಲ ಆಲ್ಬಂ 2015ರಲ್ಲಿ ಬಂತು. ಅದರ ಹೆಸರು ‘ಮ್ಯೂಸಿಕ್ ಇನ್ ಎಕ್ಸೈಲ್’.